ಲಾಟೀನು ಹಿಡಿದ ಮುದುಕಿ

ಮಗು ಈಗಷ್ಟೇ ಮಲಗಿದೆ, ಮೆಲ್ಲಗೆ ಹೇಳ್ತೀನಿ. ಆ ರಾತ್ರಿ ಹಾಳುಬಾವಿ ದಾಟಿ ಒಬ್ಬಳೇ ಮನೆಗೆ ಬಂದವಳು ನನ್ನ ದೊಡ್ಡಮ್ಮನ ಮಗಳು, ಅಕ್ಕ. ಸಿನಿಮಾ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಅವಳದು.

ಆವತ್ತು ಅಲ್ಲಿ ಸಿನಿಮಾ ಇರಲಿಲ್ಲ. ದೂರದ ಊರಿನಲ್ಲಿ ನಡೆಯುತ್ತಿದ್ದ ನಾಟಕವನ್ನು ಅದೇ ಹೊತ್ತಿಗೆ ನೇರವಾಗಿ ಪರದೆಯ ಮೇಲೆ ತೋರಿಸುತ್ತಿದ್ದರು. ಅದರಲ್ಲಿ ಕೆಲಸದ ಮುದುಕಿಯ ಪಾತ್ರ ದೊಡ್ಡಮ್ಮನದು. ಲಾಟೀನು ಹಿಡಿದು ಬರಬೇಕು, ಮೂರು ಮಾತಾಡಬೇಕು, ಹೋಗಬೇಕು. ಅಕ್ಕ ಟಾಕೀಸಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮ ಆಫೀಸಿನಲ್ಲಿ ಕೆಲಸ ಮಾಡ್ತಾರೆ ಅಂತ ಬುರುಡೆ ಬಿಟ್ಟಿದ್ದಳು. ನಾನೂ ದೊಡ್ಡಮ್ಮನನ್ನು "ನಾಟಕದವಳು" ಅಂತ ಆಡಿಕೊಂಡವಳೇ. ಅಕ್ಕನಿಗೆ ಬುದ್ಧಿ ಹೇಳುವ ಬಾಯಿ ನನಗಿಲ್ಲ.

ಮುದುಕಿ ಬಂದಳು. ಎರಡು ಮಾತಾಡಿದಳು. ಮೂರನೆಯದು... ಬರಲಿಲ್ಲ. ಲಾಟೀನಿನ ಹಿಡಿ ಮಾತ್ರ ಕಿರ್ರ್... ಕಿರ್ರ್...

"ಅಜ್ಜಿ ಬ್ಯಾಟರಿ ಮುಗೀತು," ಅಂದ ಪಕ್ಕದಲ್ಲಿ ನಿಂತಿದ್ದ ಕ್ಯಾಂಟೀನಿನವನು. "ಮುಖ ನಿನ್ನ ಥರಾನೇ ಇದೆಯಲ್ಲೇ?"

"ನಿಮ್ಮಜ್ಜಿ ಇರ್ಬೇಕು, ಸರಿಯಾಗಿ ನೋಡು," ಅಂದಳು ಅಕ್ಕ. ಅಂದು, ಎಲ್ಲರಿಗಿಂತ ಜೋರಾಗಿ ನಕ್ಕಳು. ಪರದೆಗೇನು ಕಿವಿಯೇ?

ಮುದುಕಿ ಲಾಟೀನು ಎತ್ತಿದಳು. ನೆಟ್ಟಗೆ ಅಕ್ಕ ನಿಂತ ಬಾಗಿಲಿನ ಕಡೆ ನೋಡಿದಳು.

"ಬಾವಿ ಹತ್ತಿರ ದೀಪ ಇಲ್ಲ. ಹುಷಾರು."

ಜನ ಅದೇ ಮೂರನೆಯ ಮಾತು ಅಂದುಕೊಂಡರು.

ನಾಟಕ ಬಿಟ್ಟಾಗ ಹನ್ನೊಂದೂವರೆ. ಬಾವಿಯ ಹತ್ತಿರ ಬೀದಿದೀಪ ಆರಿತ್ತು. ಅಕ್ಕ ಬೇಗ ಬೇಗ ನಡೆದಳು. ಹಿಂದೆ... ಕಿರ್ರ್... ಕಿರ್ರ್... ಅವಳ ನೆರಳು ಉದ್ದಕ್ಕೆ ಮುಂದೆ ಬಿತ್ತು.

"ಅಮ್ಮಾ?"

"ಹೂಂ. ನಡಿ."

"ಅಮ್ಮಾ, ನಾನು ಅಲ್ಲಿ..."

"ತಿರುಗಬೇಡ. ನಡಿ."

ಬೆಳಕು ಮನೆ ಬಾಗಿಲವರೆಗೂ ಬಂತು. ಅಕ್ಕ ಒಳಗೆ ಹೋಗಿ ಚಿಲಕ ಹಾಕಿ, ಫೋನ್ ಮಾಡಿದಳು. ದೊಡ್ಡಮ್ಮ ನಿದ್ದೆಗಣ್ಣಲ್ಲೇ ಎತ್ತಿದರು.

"ಅಮ್ಮಾ, ನಾಟಕದಲ್ಲಿ ನಿನ್ನ ನೋಡಿ... ಎಲ್ಲರೆದುರಿಗೆ ನಕ್ಕುಬಿಟ್ಟೆ. ನಮ್ಮಮ್ಮ ಅಂತ ಹೇಳ್ಲಿಲ್ಲ."

ಆ ಕಡೆ ದೊಡ್ಡಮ್ಮ ಎದ್ದು ಕೂತರು.

"ನಾನೆಲ್ಲಿದ್ದೆನೇ? ಮಾತು ಮರೀತೀನಿ ಅಂತ ಮೊನ್ನೆಯೇ ಬಿಡಿಸಿದ್ರು. ಆ ಮುದುಕಿ ಪಾತ್ರಾನೇ ನಾಟಕದಿಂದ ತೆಗೆದುಹಾಕಿದ್ರು. ನಿನಗೆ ಹೇಳೋಕೆ ನಾಚಿಕೆಯಾಯ್ತು ಕಣೆ."

ನಂಬದಿದ್ದರೆ ಬಿಡಿ. ಅಕ್ಕನ ಹೊಸ್ತಿಲ ಹೊರಗೆ ಸೀಮೆಎಣ್ಣೆಯ ದುಂಡನೆಯ ಕಲೆ ಇದೆ, ಲಾಟೀನಿನ ತಳದಷ್ಟು. ನಾನೇ ಸೋಪು ಹಾಕಿ ಉಜ್ಜಿದೀನಿ, ಹೋಗಿಲ್ಲ. ಬೆಳಿಗ್ಗೆ ಬಂದು ಮೂಸಿ ನೋಡಿ.