ಬಂದ ನೆಟ್ ಆರಿಸಿದವಳು

ರೈತ ಸಂಪರ್ಕ ಕೇಂದ್ರದ ಮುಂದೆ ಬಿತ್ತನೆ ಬೀಜದ ಸರದಿಯಲ್ಲಿ ಬೆಳಗಿನಿಂದ ನಿಂತಿದ್ದೆವು. ನೆಟ್ ಇಲ್ಲದೆ ಯಂತ್ರ ಹೆಬ್ಬೆಟ್ಟು ಹಿಡಿಯುವುದಿಲ್ಲ, ಹೆಬ್ಬೆಟ್ಟು ಹಿಡಿಯದೆ ಬೀಜ ಕೊಡುವುದಿಲ್ಲ. ಇಂಥ ಕಾನೂನು ಮಾಡಿದವನು ಬಂದು ನಮ್ಮ ಜೊತೆ ಬಿಸಿಲಲ್ಲಿ ನಿಲ್ಲಬೇಕಿತ್ತು! ರಿಪೇರಿಗೆ ಬಂದ ತಹಸೀನ್ ಎಂಬ ಹುಡುಗಿ ರೂಟರಿಗೂ ತನ್ನ ಲ್ಯಾಪ್‌ಟಾಪಿಗೂ ನೀಲಿ ವೈರು ಹಚ್ಚಿ ಕುಳಿತಿದ್ದಳು. ನನ್ನ ಮುಂದಿದ್ದ ಗೌರಕ್ಕ ಅವಳನ್ನು ಸುಮ್ಮನೆ ಬಿಡಲಿಲ್ಲ.

"ಆ ವೈರ್ ಯಾಕ ಬೇ?"

"ನೆಟ್ ಬಂದ್ ಬಿದ್ದಾಗ ಪೆಟ್ಟಿಗಿ ಜೋಡಿ ಮಾತಾಡಾಕ ಇದೊಂದ ದಾರಿರಿ ಅಮ್ಮಾ."

"ಲಗೂ ಮಾತಾಡು. ಹೊಲ ಹದಕ್ಕ ಬಂದೈತಿ. ಬಿತ್ತೂ ಕೂರಿಗಿ ಬಾಡಿಗಿ ತಂದೇನಿ, ಇವತ್ತೊಂದ ದಿನಾ ನಂದು."

"ಆತ್ರಿ. ಹಸರ ದೀಪ ಬಂತು ನೋಡ್ರಿ."

ಸರದಿಯೆಲ್ಲ ಹೋ ಎಂದಿತು. ಅಷ್ಟರಲ್ಲಿ ತಹಸೀನ್ ತಾನೇ ರೂಟರಿನ ಸ್ವಿಚ್ ಆರಿಸಿಬಿಟ್ಟಳು. ನನ್ನ ರಕ್ತ ಕುದಿಯಿತು, ಆದರೆ ನನಗಿಂತ ಮೊದಲು ಗೌರಕ್ಕ ಸಿಡಿದಳು.

"ಏ ಹುಚ್ಚಿ! ಬಂದದ್ದನ್ನ ಯಾಕ ತಗದಿ?"

"ಹ್ವಾದ ವಾರನೂ ಬಂದಿತ್ತಲ್ರಿ, ಆಮ್ಯಾಲ?"

"ಕರೆಂಟ್ ಹೋತು, ಅದರ ಹಿಂದ ನೆಟ್ಟೂ ಹೋತು."

"ಆಗ ರಿಪೇರಿ ಮಾಡಿದಾಂವ ಸೆಟ್ಟಿಂಗ್ ಸೇವ್ ಮಾಡಿರಲಿಲ್ರಿ. ನಾ ಮಾಡೇನಿ. ಖರೇ ಉಳದೈತೋ ಇಲ್ಲೋ ಈಗ ನೋಡೂಣು."

"ಉಳೀಲಿಲ್ಲಂದ್ರ?"

"ನಿಮ್ಮ ಬೈಗಳಾ ತಿಂದು ಮತ್ತ ಮಾಡ್ತೀನ್ರಿ. ಬಸ್ ಹತ್ತಿ ಹ್ವಾದಮ್ಯಾಲ ಬೈದ್ರ ನನಗೆಲ್ಲಿ ಕೇಳಸ್ತಾವು?"

ಸ್ವಿಚ್ ಮತ್ತೆ ಹಾಕಿದಳು. ಸರದಿಯೆಲ್ಲ ಕತ್ತು ಚಾಚಿ ನೋಡಿತು. ದೀಪ ತಾನಾಗಿ ಹಸಿರಾಯಿತು, ಅವಳು ಲ್ಯಾಪ್‌ಟಾಪ್ ಮುಟ್ಟಲೂ ಬೇಕಾಗಲಿಲ್ಲ. ಗೌರಕ್ಕ ಹೆಬ್ಬೆಟ್ಟು ಒತ್ತಿ ಹೆಸರುಕಾಳಿನ ಬೀಜದ ಚೀಲ ಬಗಲಿಗೇರಿಸಿದಳು.

"ಹುಚ್ಚಿ ಅಂದೆ. ಮನಸಿನ್ಯಾಗ ಇಟಗೋಬ್ಯಾಡವಾ."

"ಹ್ವಾದಲ್ಲೆಲ್ಲಾ ಅಂತಾರ್ರಿ."

"ಅನ್ಲಿ, ನೀ ಆರಿಸಿ ನೋಡೂದು ಬಿಡಬ್ಯಾಡ. ಹೊರಗ ನನ್ನ ಟ್ರ್ಯಾಕ್ಟರ್ ನಿಂತೈತಿ, ಹತ್ತು, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ."

"ಬಿತ್ತಾಕ ಹೊತ್ತಾಕ್ಕೈತ್ರಿ ನಿಮಗ."

"ಆದ್ರ ಆಗ್ಲಿ! ಹತ್ತ ಅಂದ್ರ ಹತ್ತು."