ಒದ್ದೆ ಬಟ್ಟೆಯವರಿಗೆ ಬಸ್ಸಿಲ್ಲ

“ಸಮುದ್ರದ ಊರಿಗೆ ಕರ್ಕೊಂಡು ಬಂದು ಗಾಜಿನ ಪೆಟ್ಟಿಗೇಲಿ ಮೀನು ತೋರಿಸ್ತೀರಲ್ಲ, ನಿಮಗೆ ನಾಚಿಕೆ ಆಗಲ್ವೇನ್ರೀ?”

ಕಡಲ ದಂಡೆಯ ಬಸ್ ನಿಲ್ದಾಣದಲ್ಲಿ ಹೆಂಡತಿ ಗಂಡನ ಮೇಲೆ ಹರಿಹಾಯ್ದಳು. ಪಕ್ಕದ ಬೆಂಚಿನಲ್ಲಿದ್ದ ದರ್ಜಿಯೊಬ್ಬ ಮುಖ ಅತ್ತ ತಿರುಗಿಸಿ ಕಿವಿಯನ್ನು ಮಾತ್ರ ಇತ್ತ ಬಿಟ್ಟ.

“ಬೋರ್ಡ್ ಓದು. ಒದ್ದೆ ಬಟ್ಟೆಯವರನ್ನ ಬಸ್ಸಿಗೆ ಹತ್ತಿಸಲ್ವಂತೆ. ನಮಗೇನು ಕಾರಿದೆಯಾ?”

“ನೆಂದ್ರೆ ಲಾಡ್ಜಿಗೆ ನಡ್ಕೊಂಡು ಹೋಗೋಣ.”

“ಈ ಬಿಸಿಲಲ್ಲಾ? ಮಗೂನ ಯಾರು ಹೊರ್ತಾರೆ, ನಿಮ್ಮಪ್ಪನಾ?”

“ನಮ್ಮಪ್ಪನ ಸುದ್ದಿಗೆ ಬರಬೇಡಿ. ಅಲೆ ಮುಟ್ಟಿ ಬರ್ತೀನಿ ಅಂತ ಮಗಳು ಶಾಲೇಲೆಲ್ಲ ಹೇಳ್ಕೊಂಡು ಬಂದಿದಾಳೆ. ನಾಳೆ ಬೆಳಿಗ್ಗೆ ವಾಪಸ್ ರೈಲು!”

“ಹಟ ಮಾಡಿದ್ರೆ ನಾನೊಬ್ಬನೇ ಹೋಗ್ತೀನಿ ನೋಡು.”

“ಧಾರಾಳವಾಗಿ ಹೋಗಿ.”

ಮಗಳನ್ನು ಸೊಂಟಕ್ಕೇರಿಸಿಕೊಂಡು ಅವಳು ದಡದಡನೆ ಮರಳಿಗಿಳಿದಳು. “ಅಪ್ಪಾ, ನೀನೂ ಬಾ” ಎಂದು ಮಗು ಕೂಗಿತು. ಅಷ್ಟರಲ್ಲಿ ಬಸ್ಸು ಬಂತು. ಗಂಡ ಹತ್ತಿದ, ದರ್ಜಿಯೂ ಹತ್ತಿದ.

“ಮನೆಯವರನ್ನೂ ಕರೀರಿ ಯಜಮಾನ್ರೇ, ನಿಲ್ಲಿಸ್ತೀನಿ” ಎಂದ ಕಂಡಕ್ಟರ್.

“ಯಾರ ಮನೆಯವರು? ಅವರು ನನಗೆ ಗೊತ್ತೇ ಇಲ್ಲ. ರೈಟ್ ಹೇಳ್ರೀ.”

ಬಸ್ಸು ಹೊರಟಿತು. ದರ್ಜಿ ಕಿಟಕಿಯಿಂದ ನೋಡಿದ. ತಾಯಿ ಮಗಳಿಬ್ಬರೂ ಆಗಲೇ ಮೊಣಕಾಲವರೆಗೆ ನೀರಿನಲ್ಲಿದ್ದರು. ಒಬ್ಬರೂ ಇತ್ತ ತಿರುಗಲಿಲ್ಲ.