ಸಾಹುಕಾರನ ಮಗಳ ಎಡಗೈ

ಒಂದು ಪೇಟೆ. ಆ ಪೇಟೇಲಿ ಎಣ್ಣೆ ಗಿರಣಿ ಇಟ್ಕೊಂಡು ಚೆನ್ನಾಗಿ ಕೊಬ್ಬಿದ್ದ ಒಬ್ಬ ಸಾಹುಕಾರ. ಹೆಸರು ರುದ್ರಮುನಿಯಪ್ಪ ಅಂತ ಇಟ್ಕೊಳ್ಳಿ. ಈ ಸಭೇಲಿ ಆ ಹೆಸರಿನವರಿದ್ರೆ ಬೇಜಾರು ಮಾಡ್ಕೋಬೇಡಿ. ಸಾಹುಕಾರರೂ ಆಗಿದ್ರೆ ಸ್ವಲ್ಪ ಮಾಡ್ಕೊಳ್ಳಿ, ಒಳ್ಳೇದು.

ಅವನಿಗೆ ಒಬ್ಬಳೇ ಮಗಳು, ಬಿಲ್ವಾ. ಹುಟ್ಟುವಾಗ ಕೂಸಿನ ಭುಜ ಸಿಕ್ಕಿಹಾಕ್ಕೊಂಡಿತ್ತು. ಹೊರಗೆ ಎಳೆಯೋ ಹೊತ್ತಿಗೆ ಕುತ್ತಿಗೆಯಿಂದ ತೋಳಿಗೆ ಇಳಿಯೋ ನರಗಳಿಗೆ ಪೆಟ್ಟು ಬಿತ್ತು. ಕೂಸು ಬದುಕಿತು. ಆದ್ರೆ ಬಲಗೈ ಬಾಯಿವರೆಗೂ ಏಳ್ತಾ ಇರಲಿಲ್ಲ.

ಸಾಹುಕಾರ ಏನು ಮಾಡ್ದ? ನೋಡಿ, ನೀವು ನಾವು ಮಾಡೋದನ್ನೇ ಮಾಡ್ದ. ಡಾಕ್ಟರು ದಿನಾ ವ್ಯಾಯಾಮ ಮಾಡಿಸಪ್ಪ ಅಂದ್ರೆ, ಇವನು ಬೆಳ್ಳಿ ಕೈ ಮಾಡಿಸಿ ದೇವರಿಗೆ ಹರಕೆ ಒಪ್ಪಿಸ್ದ. ಒಂದು ದೇವರಿಗಲ್ಲ, ಸುತ್ತಮುತ್ತಲಿನ ಎಲ್ಲಾ ದೇವರಿಗೂ. ಅಲ್ರೀ, ನಮ್ಮ ದೇವರುಗಳಿಗೆ ಮೊದಲೇ ನಾಲ್ಕು, ಎಂಟು, ಹತ್ತು ಕೈ. ಇನ್ನೊಂದು ಕೊಟ್ರೆ ಎಲ್ಲಿ ಸಿಗಿಸ್ಕೋಬೇಕು ಪಾಪ?

ಅದಿರಲಿ. ದೊಡ್ಡ ಪೇಚಾಟ ಇದ್ದದ್ದು ಊಟದ್ದು. ಮಗೂಗೆ ಎಡಗೈ ಗಟ್ಟಿಯಾಗಿತ್ತು. ಆದ್ರೆ ಎಡಗೈಲಿ ಅನ್ನ ಮುಟ್ಟೋದುಂಟೇ? ನೆಂಟರು ಏನಂದಾರು? ಒಂದ್ಸಲ ಯಾರದೋ ಗೃಹಪ್ರವೇಶದಲ್ಲಿ ಬಿಲ್ವಾ ಎಡಗೈಲಿ ಹೋಳಿಗೆ ಮುರಿದ್ಲು. ಪಕ್ಕದಲ್ಲಿ ಕೂತಿದ್ದ ಮುದುಕಿ, "ಅಯ್ಯೋ ಅನಿಷ್ಟ!" ಅಂತ ಎಲೆ ಬಿಟ್ಟು ಎದ್ದೇ ಹೋದ್ಳು. ಪಾಯಸ ಮುಗಿಸಿ ಎದ್ಲು, ಆ ಮಾತು ಬೇರೆ.

ಅವತ್ತಿಂದ ಸಾಹುಕಾರ ತಾನೇ ತಿನ್ನಿಸೋಕೆ ಶುರು ಮಾಡ್ದ. ಮನೇಲೂ ಅಷ್ಟೇ, ಮದುವೇಲೂ ಅಷ್ಟೇ. ಎಡಗೈ ಮುಂದೆ ಬಂತೋ, ಗಪ್ಪಂತ ಹಿಡಿದು ಮಡಿಲಿಗೆ ಒತ್ತೋದು, ಬಾಯಿಗೆ ತುತ್ತು ತುರುಕೋದು. ಊರೆಲ್ಲಾ, "ಎಂಥಾ ಅಪ್ಪ, ಎಂಥಾ ಅಂತಃಕರಣ!" ಅಂತ ಹೊಗಳ್ತು. ಹುಡುಗಿ ಐದನೇ ಕ್ಲಾಸಿಗೆ ಬಂದ್ರೂ ತುತ್ತು ನಿಲ್ಲಲಿಲ್ಲ. ಶಾಲೇಲಿ ಅಪ್ಪ ಇಲ್ವಲ್ಲ, ಡಬ್ಬಿ ಮುಚ್ಚಳ ತೆಗೀದೆ ಹಸ್ಕೊಂಡು ಕೂತು ಸಂಜೆ ಮನೆಗೆ ಬರೋಳು. ಅದು ಮಾತ್ರ ಊರಿನ ಕಣ್ಣಿಗೆ ಬೀಳಲಿಲ್ಲ.

ಹೆಂಡತಿ ಸರ್ವಮಂಗಳಾಗೆ ಎಲ್ಲಿಂದಲೋ ಸುದ್ದಿ ಸಿಕ್ತು. ಇದೇ ಪೆಟ್ಟು ತಿಂದ ಮಕ್ಕಳ ಮನೆಯವರೆಲ್ಲಾ ರಜೇಲಿ ಒಂದು ಹಾಸ್ಟೆಲಲ್ಲಿ ಸೇರಿ ಶಿಬಿರ ಮಾಡ್ತಾರಂತೆ. "ಹೋಗೋಣ್ರೀ" ಅಂದ್ಳು.

"ನನ್ನ ಮಗಳನ್ನ ಆ ಸಂತೇಲಿ ಕೂರಿಸ್ಲಾ?" ಅಂದ ಸಾಹುಕಾರ.

"ನೀವು ಸತ್ತ ಮೇಲೆ ಅವಳಿಗೆ ತಿನ್ನಿಸೋರು ಯಾರು? ಗಿರಣಿ ಗುಮಾಸ್ತನಾ?"

ಸಾಹುಕಾರ ತೆಪ್ಪಗೆ ಕಾರು ತೆಗೆಸ್ದ. ಆದ್ರೆ ಹೋಗಿದ್ದು ಹೇಗೆ? ಜರಿ ಶಲ್ಯ ಹೊದ್ದು, ಡ್ರೈವರ್ ತಲೆ ಮೇಲೆ ಸೇಬಿನ ಪೆಟ್ಟಿಗೆ ಹೊರಿಸ್ಕೊಂಡು. ದಾನಿಗಳು ಬಂದ್ರು ಅಂತ ಮೈಕಿನಲ್ಲಿ ಕೂಗ್ತಾರೆ ಅನ್ಕೊಂಡಿದ್ದ. ಅಲ್ಲಿ ಮೈಕೂ ಇಲ್ಲ, ವೇದಿಕೇನೂ ಇಲ್ಲ. ಜಮಖಾನದ ಮೇಲೆ ಯಾರೋ ಜರುಗಿ ಜಾಗ ಕೊಟ್ಟು, "ನಮ್ಮವನಿಗೆ ಎಡಗೈ. ನಿಮ್ಮ ಹುಡುಗಿಗೆ?" ಅಂದ್ರು, ಯಾವ ಕ್ಲಾಸು ಅಂತ ಕೇಳೋ ಧಾಟೀಲಿ. ಸಾಹುಕಾರನಿಗೆ ಮೈಯೆಲ್ಲಾ ಉರೀತು.

ಮಧ್ಯಾಹ್ನ ಊಟಕ್ಕೆ ಕೂತ್ರು. ಇವನು ಅಭ್ಯಾಸದಂತೆ ಸಾರನ್ನ ಕಲಸಿ ತುತ್ತು ಕಟ್ಟಿದ. ಎದುರಿಗೆ ನಸ್ರೀನ್ ಅಂತ ಒಬ್ಬಳು ಹುಡುಗಿ, ಬಿಲ್ವಾನ ವಯಸ್ಸಿನವಳೇ. ಅವಳಿಗೂ ಬಲಗೈ ಏಳಲ್ಲ. ಎಡಗೈಲಿ ಗಬಗಬ ತಿಂತಾ ಇದ್ದೋಳು ನಿಲ್ಲಿಸಿ, ಇವಳನ್ನೇ ನೋಡಿ ಕೇಳಿದ್ಲು: "ಬಲಗೈಗೆ ನನಗೆ ಆಗಿರೋದೇ ನಿನಗೂ ಆಗಿದೆ. ಎಡಗೈಗೇನಾಗಿದೆ?"

ಬಿಲ್ವಾ ತನ್ನ ಎಡಗೈ ನೋಡ್ಕೊಂಡ್ಳು. ಮೆಲ್ಲಗೆ ತಟ್ಟೆ ಕಡೆ ಚಾಚಿದ್ಲು.

ಸಾಹುಕಾರ ಗಪ್ಪಂತ ಅದನ್ನ ಹಿಡ್ಕೊಂಡು, "ಥೂ! ಎಡಗೈ!" ಅಂದ. ಗಿರಣಿ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ದೊಡ್ಡದಾಗಿತ್ತು ನೋಡಿ, ಇಡೀ ಹಾಲ್‌ಗೇ ಕೇಳಿಸ್ತು. ಎಡಗೈಲಿ ಉಣ್ತಾ ಇದ್ದ ಅಷ್ಟೂ ಮಕ್ಕಳ ಕೈ ನಿಂತುಬಿಡ್ತು. ಅವರ ಅಪ್ಪ ಅಮ್ಮಂದಿರು ಇವನನ್ನೇ ನೋಡಿದ್ರು. ಸರ್ವಮಂಗಳಾ ನಾಚಿಕೆಯಿಂದ ತಲೆ ತಗ್ಗಿಸಿದ್ಲು.

"ಅಪ್ಪಾ," ಅಂದ್ಳು ಬಿಲ್ವಾ, "ಇದಕ್ಕೂ ಹುಟ್ಟುವಾಗಲೇ ಪೆಟ್ಟಾಗಿತ್ತಾ?"

ಹೇಳಿ ನೋಡೋಣ, ಏನು ಉತ್ತರ ಕೊಡ್ತೀರಿ? ಒಂದು ಕೈಗೆ ಹೆರಿಗೇಲಿ ಪೆಟ್ಟಾಯ್ತು. ಯಾರೂ ಬೇಕೂಂತ ಮಾಡಿದ್ದಲ್ಲ. ಇನ್ನೊಂದು ಕೈ? ಅದನ್ನ ಇಷ್ಟು ವರ್ಷ, ದಿನಾ, ಪ್ರೀತಿಯಿಂದ, ತುಪ್ಪ ಹಾಕಿ ಕಲಸ್ಕೊಂಡು ಹಾಳು ಮಾಡಿದ್ದು ಯಾರು?

ಸಾಹುಕಾರ ತಾನು ಹಿಡಿದಿದ್ದ ಆ ಕೈ ನೋಡ್ದ. ಕಡೆಗೆ ಅಂದ: "ಇಲ್ಲ ಮಗಳೇ. ಅದಕ್ಕೇನೂ ಆಗಿಲ್ಲ. ನಾನೇ ಹಿಡ್ಕೊಂಡಿದ್ದೆ." ಅಂದು, ಬಿಟ್ಟ.

ಬಿಲ್ವಾ ಉಂಡ್ಳು. ಅರ್ಧ ಬಾಯಿಗೆ, ಅರ್ಧ ಲಂಗಕ್ಕೆ. ಮೂಗಿನ ಮೇಲೂ ಅನ್ನ. ನಸ್ರೀನ್ ಬಿದ್ದು ಬಿದ್ದು ನಕ್ಕಳು, ಇವಳೂ ನಕ್ಕಳು, ಇನ್ನೊಂದು ಸೌಟು ಹಾಕಿಸ್ಕೊಂಡ್ಳು. ಸಾಹುಕಾರ ಜರಿ ಶಲ್ಯದಲ್ಲಿ ಕಣ್ಣೊರೆಸ್ಕೊಂಡ. ಕಟ್ಟಿಟ್ಟಿದ್ದ ತುತ್ತು ಏನು ಮಾಡೋದು? ತಾನೇ ತಿಂದ.

ನಗ್ತಾ ಇದ್ದೀರಿ. ನಗಿ, ನಗಿ. ಸಾಹುಕಾರನಿಗೆ ಆ ಭಯ ಕಲಿಸಿದ್ದು ಯಾರು? ಹಿಂದಿನ ಸಾಲಿನಲ್ಲಿ ಹಿರಿಯರೊಬ್ಬರು "ಶಾಸ್ತ್ರ, ಶಾಸ್ತ್ರ" ಅಂತ ಗೊಣಗ್ತಾ ಇದ್ದಾರೆ. ಯಜಮಾನ್ರೇ, ಎಡಗೈ ಯಾಕೆ ಬೇಡ ಅಂತಾರೆ ಅನ್ನೋದು ನನಗೂ ಗೊತ್ತು, ನಿಮಗೂ ಗೊತ್ತು. ಅದಕ್ಕೆ ಸೋಪು ಅಂತ ಒಂದು ವಸ್ತು ಬಂದು ಬಹಳ ಕಾಲ ಆಯ್ತು.

ಕಾಶಿಗೆ ಹೋಗಿ, ಉಪವಾಸ ಮಾಡಿ ಅಂತ ನಾನು ಹೇಳ್ತಾ ಇಲ್ಲ. ಅಂಗಡೀಲಿ ಕೂತಾಗ ಯಾರಾದ್ರೂ ಎಡಗೈಲಿ ದುಡ್ಡು ಕೊಟ್ರೆ ಮುಖ ಸಿಂಡರಿಸಬೇಡಿ. ಮನೇಲಿ ಮಕ್ಕಳು ಚೆಲ್ಲಿದ್ರೆ ಚೆಲ್ಲಲಿ, ಒರೆಸಿ. ಮಗ ಮದುವೆ ವಯಸ್ಸಿಗೆ ಬಂದ್ರೂ ಅವನ ಪರವಾಗಿ ನೀವೇ ಮಾತಾಡ್ತೀರಲ್ಲ ತಾಯಿ, ಅದೂ ತುತ್ತೇ. ಅದನ್ನೂ ನಿಲ್ಲಿಸಿ.

ಈಗ ಪ್ರಸಾದ ಹಂಚ್ತಾರೆ. ಹಂಚೋರೇ, ಕಿವಿಗೊಟ್ಟು ಕೇಳಿ. ಯಾವುದಾದ್ರೂ ಮಗು ಎಡಗೈ ಚಾಚಿದ್ರೆ, "ಆ ಕೈ ಅಲ್ಲ" ಅನ್ನಬೇಡಿ. ಚಾಚಿದ ಕೈಗೆ ಹಾಕಿ, ಬೇರೆಯವರಿಗೆ ಹಾಕಿದಷ್ಟೇ ಹಾಕಿ, ಮುಂದಕ್ಕೆ ನಡೀರಿ.